ಗಾಜು ತೆಗೆಸಿದ ವಾಚು

ಸಾಗರ
೩ ಫೆಬ್ರವರಿ ೨೦೨೫, ಸೋಮವಾರ

ಚಿರಂಜೀವಿ ಕಾವ್ಯಾಳಿಗೆ,

ಸಾಗರದ ಬಸ್ ಸ್ಟ್ಯಾಂಡಿನಿಂದ ನಿನ್ನ ಸೋದರಮಾವ ಕೆರಿಯಪ್ಪ ಮಾಡುವ ಆಶೀರ್ವಾದ. ನಾನು, ನಿನ್ನ ಅತ್ತೆ, ಪಕ್ಕದ ಮನೆಯ ನಿನ್ನ ಅಮ್ಮ ಎಲ್ಲರೂ ಆರಾಮಿದ್ದೇವೆ. ನಿನ್ನ ಮೂರು ಕಾಗದಕ್ಕೆ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬಸ್ಸು ಒಂದು ನಿಮಿಷ ತಡವಾದರೆ ಕಂಡಕ್ಟರನ ಜನ್ಮ ಜಾಲಾಡುವ ನಾನು ಕಾಗದಕ್ಕೆ ಇಪ್ಪತ್ತು ದಿನ ತಡ ಮಾಡಿದ್ದು ತಪ್ಪೇ.

ದಪ್ಪ ಅಕ್ಷರ ನೋಡಿ ಹೆದರಬೇಡ. ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಹಾಳೆಗೆ ಹತ್ತು ಸಾಲು ಹಿಡಿಯುತ್ತದೆ, ಅದಕ್ಕೇ ಲಕೋಟೆ ಹೀಗೆ ಉಬ್ಬಿದೆ. ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವಾ ಎಂದು ನೀನು ಕೇಳುತ್ತೀ. ಸ್ಟ್ಯಾಂಡಿನಲ್ಲಿ ಫೋನ್ ಹಿಡಿದರೆ ನಾಲ್ಕು ಜನ ಕಿವಿ ಇಟ್ಟಿರುತ್ತಾರೆ. ಮನೆಯಲ್ಲಿ ಹಿಡಿದರೆ ನಿನ್ನ ಅತ್ತೆ ನಡುವೆ ಬಾಯಿ ಹಾಕುತ್ತಾಳೆ. ಕಾಗದವಾದರೆ ಸಂಜೆ ಐದು ಹತ್ತರ ಬಸ್ಸಿನ ಕಂಡಕ್ಟರ್ ದಿನೇಶನ ಕೈಗೆ ಕೊಟ್ಟರಾಯಿತು. ಹೊಸನಗರ ದಾಟಿ ಎಂಟು ಗಂಟೆಯೊಳಗೆ ತೀರ್ಥಹಳ್ಳಿಯಲ್ಲಿ ನಿನ್ನ ರೂಮಿನ ಬಾಗಿಲಿಗೆ ಬರುತ್ತದೆ. ಅಂಚೆಯಲ್ಲಿ ಹಾಕಿದರೆ ಎರಡು ದಿನ ಬೇಕು.

ಮೊದಲು ಕಣ್ಣಿನ ವಿಷಯ. ಮೊನ್ನೆ ಶಿವಮೊಗ್ಗಕ್ಕೆ ಮತ್ತೆ ಹೋಗಿ ಬಂದೆ. ಡಾಕ್ಟರು ಈ ಸಲ ಸುತ್ತಿ ಬಳಸಿ ಮಾತಾಡಲಿಲ್ಲ. "ನರ ಒಣಗ್ತಾ ಇದೆ ಕೆರಿಯಪ್ಪನವ್ರೆ, ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಹನಿ ಹಾಕಿ ಆದಷ್ಟು ದಿನ ಉಳಿಸ್ಕೊಬೇಕು. ಒಂದು ವರ್ಷ, ಒಂದೂವರೆ ವರ್ಷ ಅಂತ ಇಟ್ಕೊಳ್ಳಿ" ಅಂದರು. ಈಗಲೇ ಎಲ್ಲವೂ ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಕಾಣುತ್ತದೆ. ಎದುರಿಗೆ ನಿಂತವರ ಮೂಗು ಕಂಡರೆ ಕಿವಿ ಕಾಣುವುದಿಲ್ಲ. ಬೇಜಾರಾಯಿತು, ಆಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬರುವಾಗ ಆಯನೂರಿನವರೆಗೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತೆ. ಆಮೇಲೆ ಪಕ್ಕದಲ್ಲಿ ಕೂತವನೊಬ್ಬ ಈ ಬಸ್ಸು ಯಾವಾಗಲೂ ಲೇಟು ಅಂದ. ಇಲ್ಲ, ಎರಡು ನಿಮಿಷ ಮುಂದಿದೆ ಎಂದು ಅವನ ಜೊತೆ ಜಗಳಕ್ಕೆ ಬಿದ್ದೆ, ಸ್ವಲ್ಪ ಹಗುರಾಯಿತು.

ಕೆಲಸ ಬಿಡು ಎಂದು ಬರೆದಿದ್ದೀಯ. ಬಿಡುವುದಿಲ್ಲ. ಬಸ್ ಮಾಲೀಕರ ಸಂಘದವರಿಗೆ ನಾನೇ ಹೋಗಿ ಕಣ್ಣಿನ ಸಂಗತಿ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ. "ನೀವು ಇರಿ ಕೆರಿಯಣ್ಣ, ನೀವಿದ್ರೇನೆ ಇವ್ರು ಹೆದರೋದು" ಅಂದರು. ಟೈಮ್ ಕೀಪರಿಗೆ ಇರುವುದು ಎರಡೇ ಕೆಲಸ. ಬಸ್ಸು ಯಾವಾಗ ಬಂತು, ಯಾವಾಗ ಹೊರಟಿತು ಎಂದು ಟೈಮ್ ಬುಕ್ಕಿನಲ್ಲಿ ಬರೆಯುವುದು ಒಂದು. ಹೊರಡುವ ನಿಮಿಷಕ್ಕೆ ಸೀಟಿ ಊದಿ ಅದನ್ನು ಸ್ಟ್ಯಾಂಡಿನಿಂದ ಅಟ್ಟುವುದು ಇನ್ನೊಂದು. ಅಟ್ಟದಿದ್ದರೆ ಇನ್ನೂ ಇಬ್ಬರು ಹತ್ತಲಿ ಎಂದು ಇವರು ನಿಂತೇ ಇರುತ್ತಾರೆ, ಹಿಂದಿನ ಬಸ್ಸಿನವರು ಬಂದು ಕಾಲರ್ ಹಿಡಿಯುತ್ತಾರೆ. ಬುಕ್ಕು ಬರೆಯುವುದನ್ನು ಈಗ ನನ್ನ ಕೈಕೆಳಗಿನ ನಿರಂಜನನಿಗೆ ಬಿಟ್ಟಿದ್ದೇನೆ. ನಲವತ್ತು ದಾಟಿದ ಮನುಷ್ಯ, ಜವಾಬ್ದಾರಿ ಇದೆ. ಬಸ್ಸುಗಳನ್ನು ನೋಡುವ ಅಗತ್ಯ ನನಗಿಲ್ಲ, ಒಳಗೆ ತಿರುಗುವಾಗಲೇ ಸದ್ದಿನಲ್ಲಿ ಗುರುತು ಹಿಡಿಯುತ್ತೇನೆ. ನನಗೆ ಬೇಕಾದದ್ದು ನಿಮಿಷ ಒಂದೇ.

ಆ ನಿಮಿಷವೇ ಈಗ ಕಾಣುತ್ತಿಲ್ಲ. ನನ್ನ ಕೈಯಲ್ಲಿರುವ ವಾಚು ನಿನಗೆ ಗೊತ್ತಲ್ಲ, ಸ್ವಿಟ್ಜರ್ಲೆಂಡಿನದು, ಬಸ್ಸಿನ ಮಾಲೀಕರಾಗಿದ್ದ ಮಧುಸೂದನರಾಯರು ಸಂಘದ ಸಭೆಯಲ್ಲಿ ತಮ್ಮ ಕೈಯಿಂದ ಬಿಚ್ಚಿ ನನ್ನ ಕೈಗೆ ಕಟ್ಟಿದ್ದು. ಅದರ ಮುಖವೂ ಚಿನ್ನದ ಬಣ್ಣ, ಮುಳ್ಳುಗಳೂ ಚಿನ್ನದ ಬಣ್ಣ. ಎಷ್ಟು ಹತ್ತಿರ ಹಿಡಿದರೂ ಮುಳ್ಳು ಎಲ್ಲಿದೆ ಎಂದು ತಿಳಿಯುವುದಿಲ್ಲ.

ವಾಚ್ ರಿಪೇರಿಯ ಉಮಾಮಹೇಶ್ವರನಿಗೆ ತೋರಿಸಿದೆ. ಇದಕ್ಕೆ ಎರಡು ದಾರಿ ಅಂದ. ಬಿಳಿ ಮುಖ ಹಾಕಿ ಕಪ್ಪು ಮುಳ್ಳು ಕೂರಿಸುವುದು ಒಂದು, ಅದು ಕಣ್ಣಿರುವ ತನಕ. ಇನ್ನೊಂದು, ಮೇಲಿನ ಗಾಜನ್ನೇ ತೆಗೆದು, ಅಂಚಿಗೆ ತೂತು ಕೊರೆದು, ಬಾಗಿಲಿನ ಹಾಗೆ ತೆರೆಯುವ ಮುಚ್ಚಳ ಹಾಕುವುದು, ಒಳಗೆ ಗಟ್ಟಿ ಉಕ್ಕಿನ ಮುಳ್ಳು. ಮುಚ್ಚಳ ತೆರೆದು ಬೆರಳಲ್ಲಿ ಮುಟ್ಟಿದರೆ ಟೈಮು ಸಿಗುತ್ತದೆ. ಕಣ್ಣು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದಾರಿ ಹೇಳಿದವನೇ ಆಮೇಲೆ ಕೈಮುಗಿದ. "ಆದ್ರೆ ನನ್ ಕೈಲಿ ಮಾಡಿಸ್ಬೇಡಿ ಮಾರಾಯ್ರೆ. ಇಂಥ ವಾಚಿಗೆ ತೂತು ಕೊರೆದ್ರೆ ನಾಳೆ ಕಾಸಿಗೂ ಯಾರೂ ಕೇಳಲ್ಲ" ಅಂದ.

ನೀನೂ ಅದನ್ನೇ ಬರೆದಿದ್ದೀಯ. "ಮಾವ, ಆ ವಾಚು ಬರೀ ವಾಚಲ್ಲ, ನಮ್ಮ ಮನೆಗೆ ಸಿಕ್ಕ ಮರ್ಯಾದೆ. ಅದನ್ನು ಹಾಳು ಮಾಡಬೇಡ, ಬೀರುವಿನಲ್ಲಿಡು. ಮೇ ತಿಂಗಳಲ್ಲಿ ನನ್ನ ಧಾರೆ ಎರೆಯುವಾಗ ನಿನ್ನ ಕೈಯಲ್ಲಿ ಅದೇ ಇರಬೇಕು. ದಿನಕ್ಕೆ ಕಟ್ಟಲು ಮಾತಾಡುವ ವಾಚು ಕಳಿಸುತ್ತೇನೆ" ಎಂದು. ನಿನ್ನ ಅಕ್ಷರ ಡ್ರಾಯಿಂಗ್ ಹಾಳೆಯ ಮೇಲೆ ಅಷ್ಟು ದೊಡ್ಡದಾಗಿದ್ದರೂ ಆ ಸಾಲನ್ನು ನಾಲ್ಕು ಸಲ ಓದಿದೆ. ಬೇರೆ ಹುಡುಗಿಯರು ಮದುವೆಗೆ ಸೀರೆ ಬಳೆ ಕೇಳುತ್ತಾರೆ, ನೀನು ಮಾವನ ಕೈಯ ವಾಚು ಕೇಳುತ್ತೀ.

ಚಿಕ್ಕವಳಿದ್ದಾಗ ನೀನು ಸ್ಕೂಲು ಬಿಟ್ಟು ಸ್ಟ್ಯಾಂಡಿಗೆ ಬಂದು ನನ್ನ ಬೆಂಚಿನ ಮೇಲೆ ಕೂರುತ್ತಿದ್ದದ್ದು ನೆನಪಾಯಿತು. ನಿನ್ನ ಅಪ್ಪ ಬಸ್ಸು ತೊಳೆಯುವ ಕೆಲಸ ಮುಗಿಸಿ, ಪ್ಯಾಂಟಿನ ಕಾಲು ಮಡಚಿಕೊಂಡೇ ಬಂದು, "ಭಾವ, ಟೈಮೆಷ್ಟು?" ಅನ್ನುತ್ತಿದ್ದ. ತಲೆ ಮೇಲೆ ಅಷ್ಟು ದೊಡ್ಡ ಗಡಿಯಾರ ಇದೆಯಲ್ಲ ಅಪ್ಪ, ದಿನಾ ಮಾವನ್ನೇ ಯಾಕೆ ಕೇಳ್ತೀ ಎಂದು ನೀನು ನಗುತ್ತಿದ್ದೆ.

ವಾಚು ಕಳಿಸು, ನೋಡುತ್ತೇನೆ. ನಿನ್ನ ಮಾತು ತೆಗೆದುಹಾಕಿದ ಎಂದು ಆಗಬಾರದು. ಆದರೆ ನನಗೆ ಮೆಚ್ಚದಿದ್ದರೆ ಮೆಚ್ಚಲಿಲ್ಲ ಎಂದೇ ಹೇಳುತ್ತೇನೆ.

ಇಂತು ನಿನ್ನ ಮಾವ,
ಕೆರಿಯಪ್ಪ

ಮತ್ತೆ: ದಿನೇಶನಿಗೆ ಒಂದು ಲೋಟ ಕಾಫಿ ಕೊಡು. ಪಾಪ, ನಿನ್ನ ಮಾವನ ಕಾಗದ ಹೊತ್ತೇ ಅವನ ಅರ್ಧ ಸರ್ವೀಸು ಮುಗಿಯಿತು.

*

ಸಾಗರ
೨೧ ಫೆಬ್ರವರಿ ೨೦೨೫, ಶುಕ್ರವಾರ

ಚಿರಂಜೀವಿ ಕಾವ್ಯಾಳಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಮಾತಾಡುವ ವಾಚು ಬಂದು ಹತ್ತು ದಿನವಾಯಿತು. ಆಗಲೇ ಬರೆಯಬೇಕಿತ್ತು. ಅದಕ್ಕೂ ಒಂದು ಅವಕಾಶ ಕೊಟ್ಟು ಆಮೇಲೆ ಬರೆಯೋಣ ಎಂದು ಕಾದೆ. ಕೊಟ್ಟಾಯಿತು. ಈಗ ಕೇಳು ಅದರ ಪ್ರತಾಪ.

ಮೊದಲನೇ ದಿನ ಬೆಳಿಗ್ಗೆ ಕಟ್ಟಿಕೊಂಡು ಹೋದೆ. ಸಿಗಂದೂರಿನ ಬಸ್ಸು ಹೊರಡುವ ಹೊತ್ತಿಗೆ ಗುಂಡಿ ಒತ್ತಿದೆ. ಒಳಗಿರುವ ಹೆಂಗಸು ಇಂಗ್ಲಿಷಿನಲ್ಲಿ, ಸ್ಟ್ಯಾಂಡಿನ ಆ ತುದಿಯ ಹೂವಿನವಳಿಗೂ ಕೇಳುವ ಹಾಗೆ ಟೈಮು ಕೂಗಿದಳು. ನಾನು ಸೀಟಿ ಬಾಯಿಗಿಟ್ಟರೆ ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಕೆರಿಯಣ್ಣ, ನಿಮ್ ಮೇಡಮ್ಮು ಇನ್ನೂ ಒಂದು ನಿಮಿಷ ಇದೆ ಅಂತಿದಾರೆ" ಅಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಮಧ್ಯಾಹ್ನದೊಳಗೆ ಅವಳಿಗೆ ಮೇಡಮ್ಮು ಎಂಬ ಹೆಸರು ಖಾಯಂ ಆಯಿತು. ಮೇಡಂ ಏನಂತಾರೆ, ಮೇಡಂ ಹತ್ರ ಒಂದ್ಮಾತು ಕೇಳಿ ಎಂದು ಒಬ್ಬೊಬ್ಬನೂ ಶುರು ಮಾಡಿದ.

ನಗುವ ಮಾತೇ, ನಾನೂ ನಕ್ಕೆ. ಆದರೆ ನನ್ನ ಕೆಲಸ ನಡೆಯುವುದೇ ನನ್ನ ಮಾತಿನ ಮೇಲೆ. ಟೈಮಾಯ್ತು ಎಂದು ಕೆರಿಯಪ್ಪ ಹೇಳಿದರೆ ಟೈಮಾಯಿತು, ಅದರ ಮೇಲೆ ಮಾತಿಲ್ಲ. ಈಗ ನನ್ನ ಕೈಯಿಂದಲೇ ಇನ್ನೊಬ್ಬಳು ಮಾತಾಡಿದರೆ ಪ್ರತಿಯೊಬ್ಬನೂ ವಕೀಲನಾಗುತ್ತಾನೆ. ನಾಲ್ಕನೇ ದಿನ ಹೊಸನಗರದ ಬಸ್ಸಿನವನಿಗೂ ರಿಪ್ಪನ್‌ಪೇಟೆಯವನಿಗೂ ಮೇಡಮ್ಮಿನ ಅರ್ಧ ನಿಮಿಷದ ಮೇಲೆ ಕೈಕೈ ಮಿಲಾಯಿಸುವವರೆಗೆ ಹೋಯಿತು. ಅದನ್ನು ಬಿಚ್ಚಿ ಜೇಬಿಗೆ ಹಾಕಿದೆ. ಜೇಬಿನಲ್ಲೂ ಗಂಟೆಗೊಮ್ಮೆ ಕೂಗುತ್ತಿದ್ದಳು. ಈಗ ನಿನ್ನ ಅತ್ತೆ ಅಡುಗೆಮನೆಯಲ್ಲಿಟ್ಟು ಅನ್ನಕ್ಕೆ ಇಡುವ ಟೈಮು ಕೇಳುತ್ತಾಳೆ. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿದೆ.

ನಡುವೆ ಇನ್ನೊಂದು ನಡೆಯಿತು. ನಿರಂಜನನ ಬುಕ್ಕನ್ನು ಒಂದು ಸಂಜೆ ಕಣ್ಣಿಗೆ ಹಿಡಿದು ನೋಡಿದೆ. ಆಗ ಗಂಟೆ ನಾಲ್ಕೂವರೆ. ಇವನು ಐದೂ ಮುಕ್ಕಾಲರವರೆಗಿನ ಬಸ್ಸುಗಳಿಗೆಲ್ಲ ಹೊರಟ ಟೈಮು ಮೊದಲೇ ತುಂಬಿಸಿ ಇಟ್ಟುಬಿಟ್ಟಿದ್ದಾನೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪೆನ್ನು ಕಿತ್ತುಕೊಂಡು ಬೈದೆ. ಗಾಲಿ ಉರುಳದೆ ಪೆನ್ನು ಮುಟ್ಟಬಾರದು ಎಂದು ಎಷ್ಟು ಸಲ ಹೇಳಿದ್ದೇನೆ ಎಂದು ಜನರ ಎದುರೇ ಕಿರುಚಿದೆ. ಅವನು ಮುಖ ಸಣ್ಣದು ಮಾಡಿಕೊಂಡು, "ದಿನಾ ಅದೇ ಟೈಮಿಗೆ ಹೋಗೋ ಬಸ್ಸಲ್ವಾ ಕೆರಿಯಣ್ಣ, ಹಿಂದೆ ನೀವೂ ಹಾಗೇ ಬರೀತಿದ್ರಂತೆ" ಅಂದ. ಕಿತ್ತುಕೊಂಡ ಪೆನ್ನನ್ನು ಅವನಿಗೇ ವಾಪಸ್ ಕೊಟ್ಟೆ. ಮರುದಿನ ಅವನಿಗೆ ಮಸಾಲೆದೋಸೆ ಕೊಡಿಸಿದೆ.

ಈಗ ಮುಖ್ಯ ವಿಷಯ. ಮಧುಸೂದನರಾಯರ ಮಗ ಕೃಷ್ಣಪ್ರಸಾದರು ಮೊನ್ನೆ ಸ್ಟ್ಯಾಂಡಿಗೆ ಕಾರಿನಲ್ಲಿ ಬಂದಿದ್ದರು. ಐದು ಹತ್ತರ ಬಸ್ಸು ಈಗ ಅವರದೇ ತಾನೆ. ಉಮಾಮಹೇಶ್ವರ ಅವರ ಕಿವಿಗೆ ಹಾಕಿರಬೇಕು. ಪಕ್ಕದಲ್ಲಿ ಕೂತು ನನ್ನ ಕೈಗೆ ಒಂದು ಡಬ್ಬಿ ಇಟ್ಟರು. ತೆರೆದು ಮುಟ್ಟಿದೆ, ಅದೇ ಕಂಪನಿಯ ಹೊಚ್ಚ ಹೊಸ ವಾಚು, ಮುಖ ದೊಡ್ಡದು. "ಕೆರಿಯಣ್ಣ, ಅಪ್ಪನ ನೆನಪಿಗೆ ಅಂತ ನಮ್ಮನೇಲಿ ಇರೋದು ಒಂದು ಫೋಟೊ ಅಷ್ಟೆ. ಆ ವಾಚು ವಾಪಸ್ ಕೊಡಿ ಅಂತ ಕೇಳೋ ಹಕ್ಕು ನಂಗಿಲ್ಲ. ಇದನ್ನ ಇಟ್ಕೊಂಡು ಅದನ್ನ ನಂಗೆ ಕೊಡಿ, ನಾನು ಹಾಗೇ ಜೋಪಾನ ಮಾಡ್ತೀನಿ. ನೀವು ಅದಕ್ಕೆ ತೂತು ಹೊಡೆಸ್ತೀರಿ ಅಂತ ಕೇಳಿ ನಿದ್ದೆ ಬರ್ಲಿಲ್ಲ" ಅಂದರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ದೊಡ್ಡಸ್ತಿಕೆ ಇಲ್ಲ. ಎರಡು ದಿನ ಕೊಡಿ ಅಂದೆ.

ಈ ಕಾಗದ ಓದಿದ ಕೂಡಲೇ ನೀನು ಏನು ಹೇಳುತ್ತೀ ಎಂದು ಗೊತ್ತು. ಕೊಟ್ಟುಬಿಡು ಮಾವ, ಅವರ ಮನೆಯಲ್ಲಿ ಚೆನ್ನಾಗಿ ಇರುತ್ತದೆ, ಮದುವೆಯ ದಿನ ಕೇಳಿದರೆ ಕಟ್ಟಿಕೊಳ್ಳಲು ಕೊಡುತ್ತಾರೆ ಎಂದು. ನಿನ್ನ ಅತ್ತೆಯೂ ಅದನ್ನೇ ಹೇಳುತ್ತಾಳೆ. ಉಮಾಮಹೇಶ್ವರನೂ ಅದನ್ನೇ ಹೇಳುತ್ತಾನೆ. ನಾನು ಎರಡು ದಿನ ಎಂದು ಕೇಳಿದ್ದು ಯೋಚನೆಗಲ್ಲ. ಆಗುವುದಿಲ್ಲ ಎಂಬುದನ್ನು ಅವರ ಮನಸ್ಸು ನೋಯದ ಹಾಗೆ ಹೇಳಲು ಮಾತು ಹುಡುಕುವುದಕ್ಕೆ. ಸಿಗಲಿಲ್ಲ. ನಿನ್ನೆ ಸುಮ್ಮನೆ ಡಬ್ಬಿ ವಾಪಸ್ ಕೊಟ್ಟು, "ಇದು ಆಗಲ್ಲ ಪ್ರಸಾದಣ್ಣ, ಯಾಕೆ ಅಂತ ಇವತ್ತು ಕೇಳ್ಬೇಡಿ" ಅಂದೆ. ಅವರಿಗೆ ಬೇಜಾರಾಯಿತು, ಧ್ವನಿಯಲ್ಲಿ ತಿಳಿಯಿತು.

ಹೊಸದು ಬೇಡ ಕಾವ್ಯಾ. ಹೊಸ ವಾಚು ನನಗೆ ಟೈಮು ಹೇಳಬಹುದು, ಆದರೆ ಅದಕ್ಕೂ ನನಗೂ ಏನು ಸಂಬಂಧ? ಬೀರುವಿನಲ್ಲಿಡುವುದೂ ಬೇಡ. ಹಾಗೇ ಹೊಳೆಯುತ್ತಾ ಕೂತು, ನಾನು ಸತ್ತ ಮೇಲೆ ನಿನ್ನ ಮಕ್ಕಳಿಗೆ ಇದು ಅಜ್ಜ ಸಂಪಾದಿಸಿದ್ದು ಎಂದು ನೀನು ತೋರಿಸುವುದು ನನಗೆ ಬೇಡ. ಇದನ್ನೇ ಬಿಚ್ಚಿಸುತ್ತೇನೆ. ಉಮಾಮಹೇಶ್ವರ ಮಾಡುವುದಿಲ್ಲ ಎಂದರೆ ಹೊಸನಗರಕ್ಕೆ ಹೋಗುತ್ತೇನೆ, ಅಲ್ಲೂ ಆಗದಿದ್ದರೆ ತೀರ್ಥಹಳ್ಳಿಗೆ ಬಂದು ನಿನ್ನ ಎದುರೇ ಮಾಡಿಸುತ್ತೇನೆ.

ಸಿಟ್ಟು ಮಾಡಿಕೊಂಡು ಊಟ ಬಿಡಬೇಡ. ಪರೀಕ್ಷೆ ಹತ್ತಿರ ಬಂತು, ನಿನ್ನ ಹತ್ತನೇ ಕ್ಲಾಸಿನ ಮಕ್ಕಳನ್ನು ಹೆದರಿಸಬೇಡ.

ನಿನ್ನ ಹಟಮಾರಿ ಮಾವ,
ಕೆರಿಯಪ್ಪ

ಮತ್ತೆ: ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರು ಸಣ್ಣಕ್ಷರದಲ್ಲಿ ಇದ್ದರೆ ಸಾಕು, ಮಾವನ ಹೆಸರು ಮೇಲೆ ದೊಡ್ಡದಾಗಿ ಬರಲಿ ಎಂದು ನಿನ್ನ ಅಮ್ಮನಿಗೆ ಹೇಳಿದ್ದೀಯಂತೆ. ಅಚ್ಚಿಗೆ ಕೊಡಬೇಡ. ನಾನು ಇನ್ನೊಂದು ಕಾಗದ ಬರೆಯುವವರೆಗೆ ತಡೆ.

*

ಸಾಗರ
೧೪ ಮಾರ್ಚ್ ೨೦೨೫, ಶುಕ್ರವಾರ

ಮಗಳೇ ಕಾವ್ಯಾ,

ಆಶೀರ್ವಾದ. ಈ ಸಲವೂ ತಡವಾಯಿತು. ಕಾಗದವನ್ನು ಮೂರು ಸಲ ಬರೆದು ಮೂರು ಸಲ ಹರಿದೆ, ನಾಲ್ಕನೆಯದು ಇದು.

ವಾಚಿನ ಕೆಲಸ ಮುಗಿಯಿತು. ಉಮಾಮಹೇಶ್ವರನೇ ಮಾಡಿದ. ಹೊಸನಗರದವನ ಹತ್ತಿರ ಹೋಗುತ್ತೇನೆ ಅಂದದ್ದಕ್ಕೆ, "ಅವ್ನು ಸುತ್ತಿಗೆ ತಗೊಂಡು ಮಾಡ್ತಾನೆ, ಕೊಡಿ ಇತ್ಲಾಗೆ" ಎಂದು ಕಿತ್ತುಕೊಂಡ. ನನ್ನನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡ. ಗಾಜು ಎಬ್ಬಿಸುವಾಗ ಟಿಕ್ ಎಂದು ಒಂದು ಸಣ್ಣ ಸದ್ದು ಬಂತು. ಚಿನ್ನದ ಮುಳ್ಳು ಎರಡನ್ನೂ ಕಿತ್ತು ನನ್ನ ಅಂಗೈಗೆ ಹಾಕಿದ, ಭತ್ತದ ಹೊಟ್ಟಿನಷ್ಟೂ ಭಾರವಿರಲಿಲ್ಲ. ಅಂಚಿಗೆ ತೂತು ಕೊರೆಯುವ ಮೊದಲು ಇನ್ನೊಮ್ಮೆ ಕೇಳಿದ, "ಕೆರಿಯಣ್ಣ, ಈಗ್ಲೂ ಬೇಕಾದ್ರೆ ಮೊದಲಿದ್ದ ಹಾಗೇ ಮಾಡಿ ಕೊಡ್ತೀನಿ. ಒಂದ್ಸಲ ಕೊರೆದ ಮೇಲೆ ಆಗಲ್ಲ." ಕೊರಿ ಅಂದೆ. ಕೊರೆದ.

ಒಳಗೆ ಈಗ ದಪ್ಪ ಉಕ್ಕಿನ ಮುಳ್ಳು. ಹನ್ನೆರಡು, ಮೂರು, ಆರು, ಒಂಬತ್ತರ ಜಾಗದಲ್ಲಿ ಸಾಸಿವೆಯಷ್ಟು ದೊಡ್ಡ ಗುಬ್ಬಿ. ಮೊದಲ ದಿನ ಬೆರಳಿನ ಒತ್ತಿಗೆ ಮುಳ್ಳು ಜರುಗಿ ಸೊರಬದ ಬಸ್ಸನ್ನು ನಾಲ್ಕು ನಿಮಿಷ ಮೊದಲೇ ಅಟ್ಟಿಬಿಟ್ಟೆ. ಪಾಪ, ಅವರು ಖಾಲಿ ಬಸ್ಸು ಓಡಿಸಿಕೊಂಡು ಹೋದರು, ಮರುದಿನ ಕ್ಷಮೆ ಕೇಳಿದೆ. ಈ ಮೂವತ್ತನಾಲ್ಕು ವರ್ಷದಲ್ಲಿ ಕೆರಿಯಪ್ಪ ಕ್ಷಮೆ ಕೇಳಿದ್ದನ್ನು ನೋಡಿರಲಿಲ್ಲ ಎಂದು ಅವರಿಗೆ ನನ್ನ ತಪ್ಪಿಗಿಂತ ಅದೇ ದೊಡ್ಡ ಸುದ್ದಿಯಾಯಿತು. ಈಗ ಬೆರಳು ಪಳಗಿದೆ. ಉಗುರಿನ ಹಿಂಬದಿಯಿಂದ ಸವರಿದರೆ ಮುಳ್ಳು ಅಲ್ಲಾಡುವುದಿಲ್ಲ. ಮಾತಿಲ್ಲದೆ, ಯಾರಿಗೂ ತಿಳಿಯದ ಹಾಗೆ ನೋಡಿಕೊಂಡು ಸೀಟಿ ಊದುತ್ತೇನೆ. ಮೇಡಮ್ಮು ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಕಣ್ಣು ಪೂರ್ತಿ ಹೋದರೂ ಇನ್ನು ನನಗೆ ನಿಮಿಷದ ಚಿಂತೆ ಇಲ್ಲ.

ನೋಡಲು ಚೆಂದವಿಲ್ಲ, ನಿಜ. ಹಳೇ ತಂಬಾಕಿನ ಡಬ್ಬಿಯ ಹಾಗಾಗಿದೆ. ನಿನ್ನ ಮದುವೆಯ ಫೋಟೊಕ್ಕೆ ಅದು ಒಪ್ಪುವುದಿಲ್ಲ.

ನೀನು ಚೆನ್ನಾಗಿರು. ಅಳಿಯಂದಿರಾಗುವವರು ಫೋನಿನಲ್ಲಿ ಮರ್ಯಾದೆಯಿಂದ ಮಾತಾಡಿದರು, ನನಗೆ ಹಿಡಿಸಿದರು. ಅವರ ಮನೆಯಲ್ಲಿ ನೀನು ತಲೆಯೆತ್ತಿ ಬದುಕಬೇಕು, ಯಾರ ಎದುರೂ ಯಾವ ವಿಷಯಕ್ಕೂ ತಗ್ಗಬಾರದು, ಇದು ನನ್ನ ಆಶೀರ್ವಾದ. ಹಾಗೆ ತಲೆಯೆತ್ತಲು ನಿನಗೆ ಬೇಕಾದ ಒಂದು ಸಂಗತಿ ನನ್ನ ಹತ್ತಿರ ಇದೆ. ಅದನ್ನು ಇಪ್ಪತ್ತು ವರ್ಷ ಇಟ್ಟುಕೊಂಡು ಕೂತಿದ್ದೆ. ಸಹಿ ಹಾಕಿ ಕೆಳಗೆ ಬರೆಯುತ್ತೇನೆ, ಮೇಲೆ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಮಾವ,
ಕೆರಿಯಪ್ಪ

ಮತ್ತೆ: ಈ ಕಾಗದವನ್ನು ದಿನೇಶನ ಕೈಗೆ ಕೊಡುವುದಿಲ್ಲ. ಬಸ್ಸಿನಲ್ಲಿ ಕಳಿಸಿದರೆ ಹೊಸನಗರದಲ್ಲಿ ಅವನಿಗೆ ಫೋನ್ ಮಾಡಿ ವಾಪಸ್ ತರಿಸಿಕೊಳ್ಳಬಹುದು, ನನ್ನನ್ನು ನಾನು ನಂಬುವುದಿಲ್ಲ. ಅಂಚೆ ಡಬ್ಬಿಗೆ ಹಾಕುತ್ತೇನೆ.

ನಿನ್ನ ಅಪ್ಪ ಡ್ರೈವರಾಗಿದ್ದ ಬಸ್ಸು ಮಗುಚಿದಾಗ ನಿನಗೆ ಏಳು ವರ್ಷ. ಸುಬ್ಬಪ್ಪ ಶೋಕಿಗೆ ಬಸ್ಸು ಓಡಿಸಿ ಬಟ್ಟೆಮಲ್ಲಪ್ಪದ ಆಚೆ ತಿರುವಿನಲ್ಲಿ ಉರುಳಿಸಿದ, ಒಬ್ಬ ಹೆಂಗಸಿನ ಕಾಲು ಹೋಯಿತು ಎಂದು ಊರೆಲ್ಲ ಹೇಳಿತು. ಬಸ್ಸು ಮಗುಚಿದವನ ಮಗಳು ಎಂದು ಸ್ಕೂಲಿನಲ್ಲಿ ನಿನ್ನನ್ನು ಕರೆದರು. ಅಪ್ಪನ ಜೊತೆ ನೀನು ಸ್ಟ್ಯಾಂಡಿನಲ್ಲಿ ನಡೆಯುವಾಗ ಎರಡು ಹೆಜ್ಜೆ ಹಿಂದೆ ಇರುತ್ತಿದ್ದೆ, ನಾನು ನೋಡಿದ್ದೇನೆ.

ಅವನು ಶೋಕಿಗೆ ಓಡಿಸಲಿಲ್ಲ. ಆವತ್ತು ಐದು ಹತ್ತರ ಬಸ್ಸು ಹೊರಟದ್ದು ಐದು ಹದಿನೇಳಕ್ಕೆ. ಮಧುಸೂದನರಾಯರ ಬೀಗರು ವರದಮೂಲಕ್ಕೆ ಹೋದವರು ಬಂದಿರಲಿಲ್ಲ, ಅವರು ಬರುವ ತನಕ ನಿಲ್ಲಿಸಿ ಎಂದು ರಾಯರೇ ನನ್ನ ಎದುರಿಗೆ ನಿಂತು ಹೇಳಿದರು. ಟೈಮಾಯ್ತು ಭಾವ, ಬಿಡಿ ಭಾವ ಎಂದು ನಿನ್ನ ಅಪ್ಪ ಸ್ಟೇರಿಂಗ್ ಹಿಡಿದು ಕೂಗುತ್ತಿದ್ದ. ನಾನು ಸೀಟಿ ಊದಲಿಲ್ಲ. ಬೀಗರು ಹತ್ತಿದ ಮೇಲೆ ರಾಯರು ಅವನಿಗೆ, "ಹೊಸನಗರದ ಟೈಮು ತಪ್ಪಿಸ್ಬೇಡ, ಹಿಂದಿನವ್ನು ಜನ ಎತ್ಕೊಂಡು ಹೋಗ್ತಾನೆ" ಅಂದರು. ಆ ಏಳು ನಿಮಿಷ ಹಿಡಿಯಲು ಹೋಗಿ ಬಸ್ಸು ಉರುಳಿತು.

ಬುಕ್ಕಿನಲ್ಲಿ ಐದು ಹತ್ತು ಎಂದಿತ್ತು. ದಿನಾ ಅದೇ ಟೈಮಿಗೆ ಹೊರಡುವ ಬಸ್ಸು ಎಂದು ನಾನು ಮಧ್ಯಾಹ್ನವೇ ತುಂಬಿಸಿ ಇಟ್ಟಿದ್ದೆ. ಬರೆದದ್ದು ಬರೆದ ಹಾಗೇ ಇರಲಿ ಎಂದು ರಾಯರು ಹೇಳಿದರು. ತಿದ್ದಿದರೆ ನಾನು ಮೊದಲೇ ಬರೆಯುತ್ತೇನೆ ಎಂಬುದು ಹೊರಬರುತ್ತಿತ್ತು. ಕೆಲಸ ಹೋಗುತ್ತಿತ್ತು, ನಿಮಿಷ ತಪ್ಪದ ಕೆರಿಯಪ್ಪ ಎಂಬ ಹೆಸರೂ ಹೋಗುತ್ತಿತ್ತು. ಬಸ್ಸು ಲೇಟಾಗಿ ಬಿಟ್ಟರು ಸ್ವಾಮಿ ಎಂದು ನಿನ್ನ ಅಪ್ಪ ಕೋರ್ಟಿನಲ್ಲಿ ಹೇಳಿದ. ನನ್ನನ್ನು ಕಟಕಟೆಗೆ ಕರೆದು ಕೇಳಿದರು. ಬುಕ್ಕಿನಲ್ಲಿ ಇರುವುದೇ ನಿಜ ಅಂದೆ. ಅವನಿಗೆ ಆರು ತಿಂಗಳು ಜೈಲಾಯಿತು, ಲೈಸೆನ್ಸ್ ಹೋಯಿತು. ಅವನು ಒಳಗಿರುವಾಗಲೇ ಸಂಘದ ಸಭೆಯಲ್ಲಿ ನನ್ನ ಕೈಗೆ ಈ ವಾಚು ಬಂತು. ನೀನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದೆ.

ಅದನ್ನು ಬಿಚ್ಚಿಸಿದ್ದು ಕಣ್ಣಿಗಾಗಿ ಹೌದು, ಆದರೆ ಇದಕ್ಕಾಗಿಯೂ ಹೌದು. ಕೃಷ್ಣಪ್ರಸಾದರಿಗೆ ಕೊಟ್ಟರೆ ಅದು ದೊಡ್ಡವರ ನೆನಪಾಗುತ್ತಿತ್ತು, ಬೀರುವಿನಲ್ಲಿಟ್ಟರೆ ನನ್ನ ಮರ್ಯಾದೆಯಾಗುತ್ತಿತ್ತು. ಎರಡೂ ಸುಳ್ಳು. ಕಳೆದ ಸೋಮವಾರ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ, ಸಂಘಕ್ಕೂ ಬರೆದು ಕೊಟ್ಟೆ. ಕೆಲಸದಲ್ಲಿ ಇಡುತ್ತಾರೋ ತೆಗೆಯುತ್ತಾರೋ ಅವರಿಗೆ ಬಿಟ್ಟದ್ದು.

ಇವರೆಲ್ಲರಿಗಿಂತ ಮೊದಲು ನಿನ್ನ ಅಮ್ಮನಿಗೆ ಹೇಳಿದೆ. ಹುಲಿಯಮ್ಮ ಹುರುಳಿ ಆರಿಸುತ್ತಾ ಕೂತಿದ್ದವಳು ಕೈ ನಿಲ್ಲಿಸಲಿಲ್ಲ. "ನಂಗೆ ಗೊತ್ತಿತ್ತು ಅಣ್ಣ. ಅವ್ರು ಜೈಲಿಂದ ಬಂದ ದಿನವೇ ಹೇಳಿದ್ರು. ಕೂಸಿಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಅಪ್ಪನ್ನಂತೂ ಅವ್ಳು ನಂಬಲ್ಲ, ಮಾವನ್ನಾದ್ರೂ ನಂಬ್ಕೊಂಡು ಬೆಳೀಲಿ ಅಂದ್ರು" ಅಂದಳು. ಆಮೇಲೆ ಎದ್ದು ನನಗೆ ಚಾ ಮಾಡಿಕೊಟ್ಟಳು. ನಾನು ಅವಳ ಎದುರು ಅತ್ತುಬಿಟ್ಟೆ ಕಾವ್ಯಾ, ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟೆ.

ಜೈಲಿನಿಂದ ಬಂದ ಮೇಲೆ ಸಾಯುವ ತನಕ ಹನ್ನೆರಡು ವರ್ಷ ನಿನ್ನ ಅಪ್ಪ ಅದೇ ಸ್ಟ್ಯಾಂಡಿನಲ್ಲಿ ಬಸ್ಸು ತೊಳೆದ. ನಮ್ಮ ಮನೆಯ ಹಬ್ಬಕ್ಕೆ ಬಂದು ನನ್ನ ಪಕ್ಕದಲ್ಲೇ ಉಂಡ. ನನಗೆ ಒಂದು ಮಾತು ಬೈಯಲಿಲ್ಲ, ಯಾಕೆ ಹಾಗೆ ಹೇಳಿದೆ ಎಂದು ಕೇಳಲಿಲ್ಲ. ಐದು ಹತ್ತರ ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಬಂದು ನನ್ನ ಎದುರು ನಿಂತು, ಭಾವ, ಟೈಮೆಷ್ಟು ಎಂದಷ್ಟೇ ಕೇಳುತ್ತಿದ್ದ. ನಾನು ವಾಚು ನೋಡುತ್ತಿದ್ದೆ, ಐದು ಹದಿನೇಳು ಆಗಿರುತ್ತಿತ್ತು. ಐದೂ ಕಾಲು ದಾಟಿತು ಭಾವ ಅನ್ನುತ್ತಿದ್ದೆ. ಹನ್ನೆರಡು ವರ್ಷ ಅವನು ಕಾದ. ಐದು ಹದಿನೇಳು ಎಂದು ನನ್ನ ಬಾಯಿಂದ ಬರಲೇ ಇಲ್ಲ.

ಪತ್ರಿಕೆಯಲ್ಲಿ ನಿನ್ನ ಅಪ್ಪನ ಹೆಸರು ಮೇಲೆ ದೊಡ್ಡದಾ‌ಗಿ ಬರಲಿ. ನನ್ನ ಹೆಸರು ಹಾಕಬೇಡ. ಧಾರೆಗೆ ಬರಲೋ ಬೇಡವೋ ಎಂದು ಬರೆ, ದೊಡ್ಡ ಅಕ್ಷರದಲ್ಲಿ ಬರೆ, ಬೇರೆಯವರ ಕೈಯಲ್ಲಿ ಓದಿಸದೆ ನಾನೇ ಓದಬೇಕು.